ನಂಬಿ ಕೊಟ್ಟ ವಸ್ತು: ಕೊಡುವವರೂ ಪಡೆಯುವವರೂ ತಿಳಿದಿರಬೇಕಾದ ಕಾನೂನಿನ ಹೊಣೆಗಳು

ನಮ್ಮ ತಾಯಿಯ ಗುಂಡಿನ ಸರದ ದಾರ ಸವೆದಿತ್ತು. ಹೊಸ ದಾರಕ್ಕೆ ಪೋಣಿಸಿಕೊಡಲೆಂದು ಅದನ್ನು ಅವರು ನಮ್ಮ ಮನೆಗೆ ಬಹುಕಾಲದಿಂದ ಬಳಕೆಯಿದ್ದ ಅಕ್ಕಸಾಲಿಗರೊಬ್ಬರಿಗೆ ಕೊಟ್ಟು ಬಂದರು. ಪ್ರತಿಯಾಗಿ ಸಿಕ್ಕಿದ್ದು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ "ಸರ ಒಂದು, ರಿಪೇರಿ" ಎಂದು ಬರೆದ ಒಂದು ಚೀಟಿ. ವಾರದ ಮೇಲೆ ಸರ ಮರಳಿ ಬಂದಾಗ ಎರಡು ಗುಂಡು ಕಡಿಮೆಯಿವೆ ಎಂದು ತಾಯಿಗೆ ಅನ್ನಿಸಿತು. ಕೊಟ್ಟಾಗಲೇ ಇಷ್ಟಿದ್ದವು ಎಂದು ಅಕ್ಕಸಾಲಿಗರು ಹೇಳಿದರು. ತೂಕ ಬರೆದಿರಲಿಲ್ಲ, ಎಣಿಕೆ ಬರೆದಿರಲಿಲ್ಲ. ಇಬ್ಬರೂ ಸುಳ್ಳು ಹೇಳುವವರಲ್ಲ, ಆದರೂ ಅಂದಿನಿಂದ ಆ ಮನೆಗೂ ನಮ್ಮ ಮನೆಗೂ ಹೋಗಿಬರುವುದು ನಿಂತುಹೋಯಿತು. ಅನಂತರ ವಕೀಲಿ ವೃತ್ತಿಯಲ್ಲಿ ಇಂಥ ತಗಾದೆಗಳನ್ನು ಎಷ್ಟೋ ನೋಡಿದ್ದೇನೆ. ಅವುಗಳ ಬುಡದಲ್ಲಿ ನನಗೆ ಕಳ್ಳತನಕ್ಕಿಂತ ಹೆಚ್ಚಾಗಿ ಕಂಡಿರುವುದು ವಸ್ತು ಕೈ ಬದಲಾಯಿಸಿದ ಆ ಹೊತ್ತಿನ ಮೌನ. ಆ ಹೊತ್ತಿನಲ್ಲಿ ಏನು ಮಾತನಾಡಬೇಕು, ಏನು ಬರೆದುಕೊಳ್ಳಬೇಕು, ಅಲ್ಲಿಂದ ಮುಂದೆ ಯಾರ ಮೇಲೆ ಯಾವ ಹೊಣೆ ಬೀಳುತ್ತದೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಯಾವುದು ಈ ಕಾನೂನಿನೊಳಗೆ ಬರುತ್ತದೆ

ಒಂದು ಉದ್ದೇಶಕ್ಕಾಗಿ ನಮ್ಮ ಚರ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು, ಆ ಉದ್ದೇಶ ತೀರಿದ ಮೇಲೆ ಅದೇ ವಸ್ತುವನ್ನು ಮರಳಿ ಕೊಡಬೇಕು ಅಥವಾ ನಾವು ಹೇಳಿದಂತೆ ವಿಲೇವಾರಿ ಮಾಡಬೇಕು ಎಂಬ ಕರಾರು ಇದ್ದರೆ, ಅದನ್ನು 1872ರ ಭಾರತೀಯ ಕರಾರು ಕಾಯ್ದೆ ಬೈಲ್‌ಮೆಂಟ್ ಎಂದು ಕರೆಯುತ್ತದೆ. ನಿಕ್ಷೇಪ ಎಂಬುದು ಇದಕ್ಕೆ ನಮ್ಮಲ್ಲಿರುವ ಹಳೆಯ ಹೆಸರು. ಕಾಯ್ದೆಯ ಒಂಬತ್ತನೆಯ ಅಧ್ಯಾಯದಲ್ಲಿ, 148ರಿಂದ 181ರವರೆಗಿನ ಸೆಕ್ಷನ್‌ಗಳಲ್ಲಿ ಇದರ ನಿಯಮಗಳಿವೆ. ಕರಾರು ಬಾಯಿಮಾತಿನದಾದರೂ ಸಾಕು. ಹಣ ಪಡೆದು ಮಾಡಿದ ಕೆಲಸವೇ ಆಗಬೇಕೆಂದಿಲ್ಲ. ಟೈಲರ್‌ಗೆ ಕೊಟ್ಟ ಬಟ್ಟೆ, ಗ್ಯಾರೇಜಿನಲ್ಲಿ ಬಿಟ್ಟ ಬೈಕು, ಇಸ್ತ್ರಿಗೆ ಕೊಟ್ಟ ಸೀರೆ, ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಒಪ್ಪಿಸಿದ ಹಸು, ಗೆಳೆಯನಿಗೆ ಎರಡು ದಿನಕ್ಕೆಂದು ಕೊಟ್ಟ ಕ್ಯಾಮೆರಾ, ಇವೆಲ್ಲವೂ ಬೈಲ್‌ಮೆಂಟೇ. ಬಟ್ಟೆ ಅಂಗಿಯಾಗಿ, ಹಳೆಯ ಬಳೆ ಹೊಸ ಬಳೆಯಾಗಿ ರೂಪ ಬದಲಾದರೂ ನಮ್ಮದೇ ವಸ್ತು ಮರಳಿ ಬರುವುದರಿಂದ ಸಂಬಂಧ ಬದಲಾಗುವುದಿಲ್ಲ.

ಪಕ್ಕದ ಮನೆಯಿಂದ ತಂದ ಎರಡು ಸೇರು ಅಕ್ಕಿ ಮಾತ್ರ ಇದರೊಳಗೆ ಬರುವುದಿಲ್ಲ, ಏಕೆಂದರೆ ಮರಳಿ ಕೊಡುವುದು ಬೇರೆ ಅಕ್ಕಿಯನ್ನು. ಬ್ಯಾಂಕಿನ ಖಾತೆಗೆ ಕಟ್ಟಿದ ಹಣವೂ ಹಾಗೆಯೇ. ನಾವು ಕೊಟ್ಟ ನೋಟುಗಳನ್ನೇ ಬ್ಯಾಂಕು ಎತ್ತಿಡುವುದಿಲ್ಲವಾದ್ದರಿಂದ ಅದು ಸಾಲವೇ ಹೊರತು ಬೈಲ್‌ಮೆಂಟ್ ಅಲ್ಲ. ಹಳೆಯ ಚಿನ್ನವನ್ನು ಅಂಗಡಿಗೆ ಕೊಟ್ಟು ಹೊಸ ಒಡವೆ ತರುವವರು ಇಲ್ಲಿ ತುಸು ಎಚ್ಚರದಿಂದಿರಬೇಕು. "ಇದೇ ಚಿನ್ನ ಕರಗಿಸಿ ಮಾಡಿಕೊಡಿ" ಎಂದರೆ ಕರಗಿಸುವವರೆಗೂ, ಕರಗಿಸಿದ ಮೇಲೂ ಚಿನ್ನ ನಿಮ್ಮದೇ. "ಇದರ ಬೆಲೆ ವಜಾ ಮಾಡಿ ಹೊಸದು ಕೊಡಿ" ಎಂದರೆ ಆ ಕ್ಷಣಕ್ಕೆ ನೀವು ಅದನ್ನು ಮಾರಿದಂತೆ. ಅಂಗಡಿಯಲ್ಲಿ ಕಳವಾದರೆ ನಷ್ಟ ಯಾರದ್ದು ಎಂಬುದು ಈ ಒಂದು ಮಾತಿನ ಮೇಲೆ ನಿಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ವಶ. ಮದ್ರಾಸ್ ಹೈಕೋರ್ಟಿನ ಮುಂದೆ ಬಂದು 1938ರಲ್ಲಿ ವರದಿಯಾದ ಕಾಳಿಯಪೆರುಮಾಳ್ ಪಿಳ್ಳೈ ಪ್ರಕರಣವನ್ನು ಕಾನೂನು ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಮಹಿಳೆಯೊಬ್ಬರು ಹಳೆಯ ಒಡವೆ ಕರಗಿಸಿ ಹೊಸದು ಮಾಡಲು ಅಕ್ಕಸಾಲಿಗರಿಗೆ ಕೊಟ್ಟಿದ್ದರು. ದಿನವೂ ಸಂಜೆ ಅರ್ಧ ಆದ ಒಡವೆಯನ್ನು ಅವರಿಂದ ಪಡೆದು, ಅವರದೇ ಕೋಣೆಯಲ್ಲಿದ್ದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ತಾವು ಒಯ್ಯುತ್ತಿದ್ದರು. ಒಂದು ರಾತ್ರಿ ಒಡವೆ ಕಾಣೆಯಾಯಿತು. ಪ್ರತಿ ಸಂಜೆಯೂ ವಶ ಆ ಮಹಿಳೆಗೇ ಮರಳುತ್ತಿತ್ತು, ಆದ್ದರಿಂದ ರಾತ್ರಿಯ ನಷ್ಟಕ್ಕೆ ಅಕ್ಕಸಾಲಿಗರು ಹೊಣೆಯಲ್ಲ ಎಂದು ನ್ಯಾಯಾಲಯ ಹೇಳಿತು. ನಂಬಿಕೆ ಸಾಲದೆ ಕೀಲಿ ಇಟ್ಟುಕೊಂಡದ್ದೇ ಆಕೆಗೆ ಮುಳುವಾಯಿತು. ವಾಹನ ನಿಲ್ಲಿಸುವಾಗಲೂ ಇದನ್ನು ನೆನಪಿಡಬೇಕು: ಕೀಲಿ ನಮ್ಮ ಜೇಬಿನಲ್ಲೇ ಇದ್ದು ಜಾಗಕ್ಕಷ್ಟೇ ಹಣ ಕೊಟ್ಟಿದ್ದರೆ ವಶ ತಮಗೆ ಬಂದೇ ಇಲ್ಲವೆಂದು ಎದುರಿನವರು ವಾದಿಸಲು ಎಡೆಯಿರುತ್ತದೆ, ಕೀಲಿ ಕೊಟ್ಟು ಟೋಕನ್ ಪಡೆದಿದ್ದರೆ ಆ ವಾದ ನಿಲ್ಲುವುದು ಕಷ್ಟ. ಹಾಗೆಯೇ ವಸ್ತುವನ್ನು ಕೈಯಾರೆ ಎತ್ತಿ ಕೊಡಲೇಬೇಕೆಂದೇನೂ ಇಲ್ಲ. ಗೋದಾಮಿನ ಕೀಲಿ ಕೊಟ್ಟರೆ ಒಳಗಿನ ಮೂಟೆಗಳನ್ನು ಕೊಟ್ಟಂತೆಯೇ. ಫ್ರಿಜ್ ಕೊಂಡು ಹಣ ಕಟ್ಟಿ, "ಎರಡು ದಿನ ಇಲ್ಲೇ ಇರಲಿ" ಎಂದು ಹೇಳಿ ಅಂಗಡಿಯವರು ಒಪ್ಪಿದರೆ, ಅಲ್ಲಿಯವರೆಗೆ ಮಾರಾಟಗಾರರಾಗಿದ್ದವರು ಆ ಗಳಿಗೆಯಿಂದ ನಿಮ್ಮ ವಸ್ತುವನ್ನು ಕಾಯುವವರಾಗುತ್ತಾರೆ.

ಕೊಡುವ ಹೊತ್ತಿನಲ್ಲಿ ಬರೆದುಕೊಳ್ಳಬೇಕಾದದ್ದು

ನಮ್ಮಲ್ಲಿ ಬಳಕೆಯವರಿಂದ ಚೀಟಿ ಕೇಳುವುದು ಅವಮಾನ ಮಾಡಿದಂತೆ ಎಂಬ ಭಾವನೆಯಿದೆ. ನನ್ನ ಅನುಭವದಲ್ಲಿ ಚೀಟಿ ಉಳಿಸಿಕೊಡುವುದು ಆ ಬಳಕೆಯನ್ನೇ. ಒಡವೆಯ ವಿಷಯದಲ್ಲಿ ಕ್ರಮ ಹೀಗಿರಲಿ. ತಕ್ಕಡಿಯಲ್ಲಿ ಸೊನ್ನೆ ಬಂದ ಮೇಲೆ ನಿಮ್ಮೆದುರಿಗೇ ಒಡವೆ ಇಟ್ಟು, ಅಂಕಿಗಳು ಕಾಣುವಂತೆ ಒಂದು ಫೋಟೊ ತೆಗೆಯಿರಿ. ಗುಂಡುಗಳಾದರೆ ಎಣಿಸಿ, ಕಲ್ಲುಗಳಿದ್ದರೆ ಎಣಿಸಿ, ಯಾವ ಕಲ್ಲು ಮೊದಲೇ ಬಿದ್ದುಹೋಗಿದೆ ಎಂಬುದನ್ನೂ ಹೇಳಿ. ಹಳೆಯ ಗುಂಡುಗಳೊಳಗೆ ಅರಗು ತುಂಬಿರುವುದುಂಟು. ಬಿಸಿ ತಾಗಿ ಅರಗು ಕರಗಿ ಹೋದರೆ ಚಿನ್ನ ಅಷ್ಟೇ ಇದ್ದರೂ ತೂಕ ಇಳಿಯುತ್ತದೆ, ಆಮೇಲೆ ಜಗಳ ಹುಟ್ಟುತ್ತದೆ. ಆದ್ದರಿಂದ ಒಟ್ಟು ತೂಕ ಮತ್ತು ಅರಗು ಇದೆಯೆಂಬ ಸಂಗತಿ ಎರಡೂ ಚೀಟಿಯಲ್ಲಿರಲಿ. ಈಚಿನ ಒಡವೆಯಾದರೆ ಹಾಲ್‌ಮಾರ್ಕ್ ಜೊತೆಗೆ ಕೆತ್ತಿರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯನ್ನು ಬರೆಸಿಕೊಳ್ಳಿ. ಒಡವೆಯ ಗುರುತಿಗೆ ಅದಕ್ಕಿಂತ ಗಟ್ಟಿಯಾದದ್ದಿಲ್ಲ.

ನಮ್ಮ ತಾಯಿಯ ಸರದ ಚೀಟಿ ಹೀಗಿದ್ದಿದ್ದರೆ ಸಾಕಿತ್ತು: "ಈ ದಿನ ಇಂಥವರಿಂದ ಗುಂಡಿನ ಸರ ಒಂದು, ಅರಗು ತುಂಬಿದ ಗುಂಡು 42, ನಡುವೆ ಕೆಂಪು ಕಲ್ಲಿನ ಪದಕ ಒಂದು, ಒಟ್ಟು ತೂಕ 31.460 ಗ್ರಾಂ, ದಾರ ಬದಲಿಸಿ ಪೋಣಿಸಲು ಮಾತ್ರ ಪಡೆದಿದ್ದೇನೆ. ಮಜೂರಿ 400 ರೂಪಾಯಿ. ಮುಂದಿನ ಸೋಮವಾರ ಅವರಿಗೆ ಅಥವಾ ಅವರ ಮಗನಿಗೆ ಮರಳಿಸುತ್ತೇನೆ." ಕೆಳಗೆ ದಿನಾಂಕ, ಸಹಿ. ಇದರಲ್ಲಿ "ಮಾತ್ರ" ಎಂಬ ಪದವನ್ನು ಬಿಡಬಾರದು. ವಸ್ತುವನ್ನು ಯಾವುದಕ್ಕೆ ಬಳಸಬಹುದು ಎಂಬ ಎಲ್ಲೆಯನ್ನು ಹಾಕುವುದು ಅದೇ. ಯಾರ ಕೈಗೆ ಮರಳಿಸಬೇಕು ಎಂಬುದನ್ನೂ ಬಿಡಬಾರದು. ಅಣ್ಣ ತಮ್ಮ ಇಬ್ಬರೂ ಸೇರಿ ತಾಯಿಯ ಒಡವೆಯನ್ನು ಸೋದರಮಾವನ ಬಳಿ ಇಟ್ಟಿದ್ದಾರೆ ಎನ್ನೋಣ. ಬೇರೆ ಕರಾರಿಲ್ಲದಿದ್ದರೆ ಇಬ್ಬರಲ್ಲಿ ಒಬ್ಬನಿಗೆ ಮರಳಿಸಿದರೂ ಮಾವನ ಹೊಣೆ ತೀರಿತು ಎನ್ನುತ್ತದೆ 165ನೆಯ ಸೆಕ್ಷನ್. ಇಬ್ಬರೂ ಬಂದು ಸಹಿ ಮಾಡದೆ ಕೊಡಕೂಡದು ಎಂಬುದು ನಿಮ್ಮ ಇಚ್ಛೆಯಾದರೆ ಅದನ್ನು ಇಡುವಾಗಲೇ ಬರೆಯಬೇಕು.

ಗೆಳೆಯರ ನಡುವೆ ಕಾಗದ ತೀರಾ ಅತಿಯೆನಿಸಿದರೆ ಒಂದು ವಾಟ್ಸ್ಆ್ಯಪ್ ಸಂದೇಶ ಸಾಕು: "ನಿಮಗೆ ಕೊಟ್ಟ ಕ್ಯಾಮೆರಾ, ಎರಡು ಲೆನ್ಸ್, ಒಂದು ಚಾರ್ಜರ್, ಭಾನುವಾರ ಸಂಜೆ ವಾಪಸ್ಸು." ಅವರು "ಸರಿ" ಎಂದು ಉತ್ತರಿಸಿದರೆ ಕರಾರು ದಾಖಲಾದಂತೆ. ಮುಂದೆ ನ್ಯಾಯಾಲಯದಲ್ಲಿ ಅದನ್ನು ಹಾಜರುಪಡಿಸಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಸೆಕ್ಷನ್ ಹೇಳುವ ಪ್ರಮಾಣಪತ್ರ ಜೊತೆಗಿರಬೇಕು. ಆದ್ದರಿಂದ ಮೂಲ ಸಂದೇಶವನ್ನು ಅಳಿಸದೆ ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಮೊಬೈಲು ರಿಪೇರಿಗೆ ಕೊಡುವಾಗ ಆ ಫೋನಿನ ಗುರುತಾದ ಐಎಂಇಐ ಸಂಖ್ಯೆ ಬರೆಸಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದುಕೊಂಡು ಬನ್ನಿ.

ಕೊಡುವವರ ಮೇಲಿರುವ ಹೊಣೆ

ವಸ್ತು ಪಡೆದವರಿಗಷ್ಟೇ ಕರ್ತವ್ಯವಿದೆ ಎಂದು ಹಲವರು ತಿಳಿದಿದ್ದಾರೆ. ಕಾಯ್ದೆಯಲ್ಲಿ ಮೊದಲು ಬರುವುದು ಕೊಡುವವರ ಕರ್ತವ್ಯ. ವಸ್ತುವಿನಲ್ಲಿ ನಿಮಗೆ ತಿಳಿದಿರುವ ದೋಷ ಅದರ ಬಳಕೆಗೆ ತೊಡಕಾಗುವಂಥದ್ದಾಗಿದ್ದರೆ ಅಥವಾ ಪಡೆಯುವವರನ್ನು ಅಪಾಯಕ್ಕೆ ಒಡ್ಡುವಂಥದ್ದಾಗಿದ್ದರೆ ಅದನ್ನು ಹೇಳಲೇಬೇಕು ಎನ್ನುತ್ತದೆ 150ನೆಯ ಸೆಕ್ಷನ್. ಹಾಯುವ ಎತ್ತನ್ನು ಹಾಯುತ್ತದೆಂದು ಹೇಳದೆ ಉಳುಮೆಗೆ ಕೊಟ್ಟು, ಅದು ತಿವಿದು ಗಾಯವಾದರೆ ಆಸ್ಪತ್ರೆಯ ಖರ್ಚು ಕೊಟ್ಟವರ ತಲೆಗೆ ಬರುತ್ತದೆ. ಪುಕ್ಕಟೆಯಾಗಿ ಕೊಟ್ಟಾಗ ತಿಳಿದಿದ್ದ ದೋಷಕ್ಕೆ ಮಾತ್ರ ಹೊಣೆ. ಬಾಡಿಗೆಗೆ ಕೊಟ್ಟಾಗ ಆ ರಿಯಾಯಿತಿಯಿಲ್ಲ. ಮದುವೆ ಮನೆಗೆ ಜನರೇಟರನ್ನು, ಹೊಲಕ್ಕೆ ಪವರ್ ಟಿಲ್ಲರನ್ನು, ಪ್ರವಾಸಿಗರಿಗೆ ಬೈಕನ್ನು ಬಾಡಿಗೆಗೆ ಕೊಡುವವರು "ಬ್ರೇಕ್ ಸವೆದದ್ದು ನನಗೆ ಗೊತ್ತೇ ಇರಲಿಲ್ಲ" ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ವಾಹನದ ವಿಷಯದಲ್ಲಿ ಇನ್ನೂ ಕಠಿಣವಾದ ಕಾನೂನಿದೆ. ಲೈಸೆನ್ಸ್ ಇಲ್ಲದವರಿಗೆ ನಿಮ್ಮ ಬೈಕು ಓಡಿಸಲು ಕೊಟ್ಟರೆ ಮೋಟಾರು ವಾಹನ ಕಾಯ್ದೆಯ 180ನೆಯ ಸೆಕ್ಷನ್ ಪ್ರಕಾರ ನಿಮಗೇ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಹದಿನೆಂಟು ತುಂಬದ ಹುಡುಗ ನಿಮ್ಮ ವಾಹನ ಓಡಿಸಿ ಅಪರಾಧವೆಸಗಿದರೆ, ನಿಮಗೆ ತಿಳಿಯದೆ ಅಥವಾ ನೀವು ತಡೆಯಲು ಯತ್ನಿಸಿದರೂ ಹಾಗಾಯಿತೆಂದು ನೀವೇ ಸಾಬೀತುಪಡಿಸದಿದ್ದರೆ, 199ಎ ಸೆಕ್ಷನ್ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಮೇಲೆ ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಸೋದರಳಿಯ ಕೇಳಿದನೆಂದು ಕೀಲಿ ಕೊಡುವ ಮುನ್ನ ಅವನ ಲೈಸೆನ್ಸನ್ನು ಕಣ್ಣಾರೆ ನೋಡಿ, ವಿಮೆ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಸಂಬಳವಿಲ್ಲದೆ ನಿಮ್ಮ ವಸ್ತುವನ್ನು ಕಾಯ್ದವರಿಗೆ ಅಗತ್ಯವಾಗಿ ಆದ ಖರ್ಚನ್ನು ನೀವು ತುಂಬಿಕೊಡಬೇಕು. ಒಂದು ತಿಂಗಳು ನಿಮ್ಮ ಹಸುವನ್ನು ನೋಡಿಕೊಂಡ ನೆರೆಯವರು ಹಿಂಡಿಗೂ ಪಶುವೈದ್ಯರಿಗೂ ಕೊಟ್ಟ ಹಣ ಅವರ ಉಪಕಾರದೊಳಗೆ ಸೇರಿಹೋಗುವುದಿಲ್ಲ, ಅದು ನಿಮ್ಮ ಬಾಕಿ. ಇನ್ನು, ನಿಮ್ಮದಲ್ಲದ ವಸ್ತುವನ್ನು ನಿಮ್ಮದೆಂದು ಕೊಟ್ಟು, ಅದರಿಂದ ಅವರಿಗೆ ನಷ್ಟವಾದರೆ ಅದಕ್ಕೂ ನೀವೇ ಹೊಣೆ.

ಪಡೆದವರ ಹೊಣೆ ಎಲ್ಲಿಂದ ಎಲ್ಲಿಯವರೆಗೆ

ಸಾಮಾನ್ಯ ವಿವೇಕವಿರುವ ಒಬ್ಬ ಮನುಷ್ಯ ಅಂಥದೇ ಸಂದರ್ಭದಲ್ಲಿ, ಅಷ್ಟೇ ಗಾತ್ರದ, ಅದೇ ಗುಣದ, ಅಷ್ಟೇ ಬೆಲೆಯ ತನ್ನ ಸ್ವಂತ ವಸ್ತುವನ್ನು ಹೇಗೆ ಜೋಪಾನ ಮಾಡುತ್ತಾನೋ ಹಾಗೆ ಮಾಡಬೇಕು: 151ನೆಯ ಸೆಕ್ಷನ್ ಇಟ್ಟಿರುವ ಅಳತೆ ಇಷ್ಟೇ. ಹಣ ಪಡೆದು ಇಟ್ಟುಕೊಂಡವರಿಗೂ ಉಪಕಾರಕ್ಕೆ ಇಟ್ಟುಕೊಂಡವರಿಗೂ ಅಳತೆ ಒಂದೇ. "ನನ್ನ ವಸ್ತುವನ್ನೂ ನಾನು ಹೀಗೆಯೇ ಎಲ್ಲೆಂದರಲ್ಲಿ ಬಿಡುತ್ತೇನೆ" ಎಂಬ ಮಾತು ನಡೆಯುವುದಿಲ್ಲ, ಏಕೆಂದರೆ ಅಳೆಯುವುದು ನಿಮ್ಮ ಅಭ್ಯಾಸವನ್ನಲ್ಲ, ವಿವೇಕಿಯೊಬ್ಬನ ನಡತೆಯನ್ನು. ಕಬ್ಬಿಣದ ಕಡಾಯಿಯನ್ನು ಹಿತ್ತಲಲ್ಲಿಟ್ಟರೆ ತಪ್ಪಿಲ್ಲ. ರೇಷ್ಮೆ ಸೀರೆಗಳ ಪೆಟ್ಟಿಗೆಯನ್ನು ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗಿಟ್ಟರೆ ತಪ್ಪು. ಇಷ್ಟು ಎಚ್ಚರಿಕೆ ವಹಿಸಿಯೂ ವಸ್ತು ನೆರೆಯಲ್ಲಿ ಕೊಚ್ಚಿಹೋದರೆ, ಬೀಗ ಒಡೆದು ಕಳ್ಳರು ಒಯ್ದರೆ, ಬೇರೆ ಕರಾರಿಲ್ಲದಿದ್ದಲ್ಲಿ ಪಡೆದವರು ಹೊಣೆಯಾಗುವುದಿಲ್ಲ. ಆದರೆ ಎಚ್ಚರಿಕೆ ವಹಿಸಿದ್ದೆ ಎಂದು ತೋರಿಸಬೇಕಾದವರು ಅವರೇ, ಏಕೆಂದರೆ ಏನಾಯಿತೆಂದು ಬಲ್ಲವರು ಅವರು. ಆದ್ದರಿಂದ ಕಳವಾದದ್ದು ತಿಳಿದ ಕೂಡಲೆ ಮಾಲೀಕರಿಗೂ ಪೊಲೀಸರಿಗೂ ತಿಳಿಸಿ; ನಾಲ್ಕು ದಿನ ಮುಚ್ಚಿಟ್ಟು ಹೇಳಿದ ಮಾತನ್ನು ಯಾರೂ ಸುಲಭವಾಗಿ ನಂಬುವುದಿಲ್ಲ.

"ಮಾಲೀಕರೇ ಹೊಣೆ, ಸಂಸ್ಥೆ ಜವಾಬ್ದಾರಿಯಲ್ಲ" ಎಂಬ ಫಲಕಗಳನ್ನು, ಟೋಕನ್ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ಜನ ಸುಮ್ಮನಾಗಿಬಿಡುತ್ತಾರೆ. ಹಾಗೆ ಸುಮ್ಮನಾಗಬೇಕಾಗಿಲ್ಲ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲ್‌ನಲ್ಲಿ ಅತಿಥಿಯೊಬ್ಬರು ತಮ್ಮ ಮಾರುತಿ ಜೆನ್ ಕಾರಿನ ಕೀಲಿಯನ್ನು ವ್ಯಾಲೆಟ್ ಸಿಬ್ಬಂದಿಗೆ, ಅಂದರೆ ಅತಿಥಿಗಳ ವಾಹನ ನಿಲ್ಲಿಸಿಕೊಡುವವರಿಗೆ, ಕೊಟ್ಟು ಒಳಗೆ ಹೋಗಿ, ಮರಳಿ ಬರುವಷ್ಟರಲ್ಲಿ ಬೇರೆಯವರು ಕಾರನ್ನು ಒಯ್ದಿದ್ದರು. ಮಾಲೀಕರದೇ ಹೊಣೆ ಎಂದು ಟೋಕನ್‌ನಲ್ಲಿ ಅಚ್ಚಾಗಿತ್ತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿ 2019ರಲ್ಲಿ ತೀರ್ಪು ಬಂದಾಗ ನ್ಯಾಯಾಲಯ ಹೇಳಿದ್ದು ಸ್ಪಷ್ಟವಾಗಿದೆ: ಕೀಲಿ ಮತ್ತು ಕಾರನ್ನು ಪಡೆದ ಮೇಲೆ ಹೋಟೆಲ್ ಬೈಲ್‌ಮೆಂಟಿನ ಹೊಣೆ ಹೊತ್ತಿದೆ, ತನ್ನದೇ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಅಚ್ಚಾದ ಸಾಲೊಂದು ರಕ್ಷಣೆಯಾಗದು, ಎಚ್ಚರಿಕೆ ವಹಿಸಿದ್ದನ್ನು ಮೊದಲು ಹೋಟೆಲ್ ತೋರಿಸಬೇಕು. ಡ್ರೈ ಕ್ಲೀನಿಂಗ್ ಅಂಗಡಿಯ ರಸೀದಿಯ ಹಿಂದೆ ಅಂಥದೇ ಸಾಲನ್ನು ಕಂಡಾಗ ಈ ತೀರ್ಪು ನೆನಪಾಗಲಿ.

ಬಳಕೆಯ ಎಲ್ಲೆ ಮೀರುವುದು ಇನ್ನೂ ಗಂಭೀರ. ನೀವು ಸವಾರಿ ಮಾಡಲೆಂದು ಪಡೆದ ಬೈಕನ್ನು ತಮ್ಮನಿಗೆ ಕೊಟ್ಟಿರಿ, ಅವನು ನಿಧಾನವಾಗಿ, ನಿಯಮ ಮೀರದೆ ಓಡಿಸಿದ, ಆದರೂ ಅಪಘಾತವಾಯಿತು. ಅವನ ತಪ್ಪಿಲ್ಲದಿದ್ದರೂ ಬೈಕಿನ ಹಾನಿಗೆ ನೀವೇ ಹೊಣೆ. ಕಾಯ್ದೆಯ 154ನೆಯ ಸೆಕ್ಷನ್ ಅಡಿಯಲ್ಲಿ ಇದಕ್ಕೆ ಕುದುರೆಯ ಉದಾಹರಣೆಯೇ ಇದೆ: ಕಲ್ಕತ್ತೆಯಿಂದ ಬನಾರಸಿಗೆಂದು ಬಾಡಿಗೆಗೆ ಪಡೆದ ಕುದುರೆಯನ್ನು ಒಬ್ಬ ಕಟಕಕ್ಕೆ ಒಯ್ದ, ಅವನು ಎಚ್ಚರದಿಂದಲೇ ಸವಾರಿ ಮಾಡಿದ್ದರೂ ಅದು ಬಿದ್ದು ಗಾಯಗೊಂಡಿತು, ಅವನೇ ಹೊಣೆ. ಜೊತೆಗೆ, ಹೇಳಿದ ಷರತ್ತಿಗೆ ವಿರುದ್ಧವಾಗಿ ನಡೆದರೆ ಅವಧಿ ಮುಗಿಯುವ ಮೊದಲೇ ವಸ್ತುವನ್ನು ಮರಳಿ ಕೇಳುವ ಅಧಿಕಾರ ಮಾಲೀಕರಿಗೆ ಬರುತ್ತದೆ. ಪಡೆದ ವಸ್ತುವನ್ನು ಒಪ್ಪಿಗೆಯಿಲ್ಲದೆ ನಿಮ್ಮ ವಸ್ತುವಿನೊಂದಿಗೆ ಬೆರೆಸಲೂ ಬಾರದು. ಗಿರಣಿಯಲ್ಲಿ ಒಬ್ಬರ ಸೋನಾ ಮಸೂರಿಯೊಳಗೆ ಅಗ್ಗದ ಅಕ್ಕಿ ಬೆರೆತುಹೋದರೆ, ಬೇರ್ಪಡಿಸಲಾಗದ ಆ ನಷ್ಟವನ್ನು ಬೆರೆಸಿದವರೇ ತುಂಬಿಕೊಡಬೇಕು.

ಗಡುವು ಮುಗಿದರೆ ಅಥವಾ ಕೆಲಸ ತೀರಿದರೆ, ಕೇಳುವವರೆಗೆ ಕಾಯದೆ ಮರಳಿಸುವುದು ಪಡೆದವರ ಕರ್ತವ್ಯ. ಅವರ ತಪ್ಪಿನಿಂದಲೇ ಹೊತ್ತಿಗೆ ಸರಿಯಾಗಿ ಮರಳಿಸದಿದ್ದರೆ ಆ ದಿನದಿಂದಾಚೆಗೆ ವಸ್ತುವಿಗೆ ಏನೇ ಆದರೂ, ಅದು ಅವರ ನಿರ್ಲಕ್ಷ್ಯದಿಂದ ಆದದ್ದಲ್ಲದಿದ್ದರೂ, ಹೊಣೆ ಅವರದೇ. ಈ ನಿಯಮ ಬ್ರಿಟಿಷರು ತಂದದ್ದೆಂದು ತಿಳಿಯಬೇಕಾಗಿಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಉಪನಿಧಿಯನ್ನು, ಅಂದರೆ ನಂಬಿ ಇಟ್ಟ ವಸ್ತುವನ್ನು, ಕುರಿತ ಭಾಗ, ಇಟ್ಟ ಗಂಟನ್ನು ರಾಜನೋ ದೈವವೋ ಕಳ್ಳರೋ ಅಪಹರಿಸಿದರೆ ಇಟ್ಟುಕೊಂಡವನು ತುಂಬಿಕೊಡಬೇಕಾಗಿಲ್ಲ, ಕೇಳಿದ ಮೇಲೂ ಕೊಡದೆ ಉಳಿಸಿಕೊಂಡಾಗ ಹಾಳಾದರೆ ಮಾತ್ರ ಅದರ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು ಎನ್ನುತ್ತದೆ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು.

ಮರಳಿಸುವಾಗ ವಸ್ತುವಿನಿಂದ ಹುಟ್ಟಿದ್ದನ್ನೂ ಸೇರಿಸಿ ಮರಳಿಸಬೇಕು. ನೋಡಿಕೊಳ್ಳಲು ಬಿಟ್ಟ ಹಸು ಕರು ಹಾಕಿದರೆ ಕರುವೂ ಮಾಲೀಕರದೇ ಎಂಬುದು 163ನೆಯ ಸೆಕ್ಷನ್‌ನಲ್ಲೇ ಇರುವ ಉದಾಹರಣೆ. ಹಳ್ಳಿಗಳಲ್ಲಿ ಹಸುವನ್ನೋ ಕುರಿಯನ್ನೋ ಪಾಲಿಗೆ ಕೊಡುವ ಪದ್ಧತಿಯಿದೆಯಲ್ಲ, ಅಲ್ಲಿ ಬೇರೆ ಕರಾರೇ ಇರುವುದರಿಂದ ಆ ಕರಾರಿನಂತೆ ಪಾಲು ಸಿಗುತ್ತದೆ. ಆದರೆ ಆ ಕರಾರು ಬಾಯಿಮಾತಿನಲ್ಲೇ ಉಳಿದು, ಎರಡನೆಯ ಕರುವಿನ ಹೊತ್ತಿಗೆ ಇಬ್ಬರ ನೆನಪೂ ಬೇರೆಬೇರೆಯಾಗಿರುತ್ತದೆ.

ಇಟ್ಟುಕೊಂಡವರು ವಸ್ತುವನ್ನು ತಡೆಹಿಡಿಯಬಹುದೇ? ಆ ವಸ್ತುವಿನ ಮೇಲೆ ಶ್ರಮವನ್ನೋ ಕುಶಲತೆಯನ್ನೋ ವಿನಿಯೋಗಿಸಿದವರು ಆ ಕೆಲಸದ ಹಣ ಬರುವವರೆಗೆ ತಡೆಹಿಡಿಯಬಹುದು. ಗ್ಯಾರೇಜಿನವರು ಈ ಬೈಕಿನ ಈ ಬಿಲ್ಲಿಗಾಗಿ ಬೈಕು ಇಟ್ಟುಕೊಳ್ಳಬಹುದು, ಹೋದ ವರ್ಷದ ಬಾಕಿಗಾಗಿ ಅಲ್ಲ. ತಿಂಗಳ ಮೇಲೆ ಹಣ ಕೊಡಿ ಎಂದು ಮೊದಲೇ ಒಪ್ಪಿದ್ದರೆ ಇವತ್ತು ತಡೆಯುವಂತಿಲ್ಲ. ಕೈಸಾಲ ಬರಬೇಕಿದೆಯೆಂದು ಗೆಳೆಯ ಇಟ್ಟುಹೋದ ಲ್ಯಾಪ್‌ಟಾಪನ್ನು ಕೊಡದಿರುವುದು ತಪ್ಪು. ನಮ್ಮ ಕಚೇರಿಗೆ ಈ ಒಂದು ತಪ್ಪು ತಿಳಿವಳಿಕೆಯಿಂದ ಬರುವವರು ಕಡಿಮೆಯಲ್ಲ.

ರಸ್ತೆಯಲ್ಲಿ ಸಿಕ್ಕ ವಸ್ತುವನ್ನು ಎತ್ತಿಕೊಂಡವರೂ ಇದೇ ಹೊಣೆಗೆ ಒಳಪಡುತ್ತಾರೆ. ಎತ್ತಿಕೊಳ್ಳದೆ ಮುಂದೆ ಹೋಗಬಹುದು. ಎತ್ತಿಕೊಂಡ ಮೇಲೆ ಮಾಲೀಕರನ್ನು ಹುಡುಕುವ ಪ್ರಾಮಾಣಿಕ ಪ್ರಯತ್ನವನ್ನೂ ಜೋಪಾನವನ್ನೂ ಮಾಡಲೇಬೇಕು.

ಬ್ಯಾಂಕ್ ಲಾಕರ್ ಮತ್ತು ಮನೆಯೊಳಗಿನ ಒಡವೆ

ಲಾಕರಿನಲ್ಲಿ ಏನಿದೆಯೆಂದು ಬ್ಯಾಂಕಿಗೆ ತಿಳಿದಿರುವುದಿಲ್ಲ, ಆದ್ದರಿಂದ ಅದು ಪೂರ್ಣವಾಗಿ ಬೈಲ್‌ಮೆಂಟ್ ಎನ್ನಲಾಗದು ಎಂಬ ವಾದ ಬಹಳ ಕಾಲ ನಡೆಯಿತು. 2021ರ ಫೆಬ್ರುವರಿಯಲ್ಲಿ ಅಮಿತಾಭ ದಾಸ್‌ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲಾಕರಿನ ಸುರಕ್ಷತೆಯ ಹೊಣೆಯಿಂದ ಬ್ಯಾಂಕುಗಳು ಕೈತೊಳೆದುಕೊಳ್ಳುವಂತಿಲ್ಲವೆಂದು ಹೇಳಿ ನಿಯಮ ರೂಪಿಸಲು ರಿಸರ್ವ್ ಬ್ಯಾಂಕಿಗೆ ಸೂಚಿಸಿತು. ಅದೇ ಆಗಸ್ಟಿನಲ್ಲಿ ಹೊರಟು 2022ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆ ಇವುಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ವರ್ಷಕ್ಕೆ 3,000 ರೂಪಾಯಿ ಬಾಡಿಗೆಯ ಲಾಕರಿಗೆ ಇದು 3 ಲಕ್ಷವಾಯಿತು. ಇವತ್ತಿನ ಚಿನ್ನದ ಬೆಲೆಯಲ್ಲಿ ಅಷ್ಟಕ್ಕೆ ಎಷ್ಟು ಒಡವೆ ಬರುತ್ತದೆಂದು ಲೆಕ್ಕ ಹಾಕಿದರೆ, ಪ್ರತ್ಯೇಕ ವಿಮೆಯ ಅಗತ್ಯ ತಾನಾಗಿಯೇ ಕಾಣುತ್ತದೆ. ಒಳಗಿಟ್ಟ ಒಡವೆಗಳ ಫೋಟೊ ಮತ್ತು ತೂಕದ ಪಟ್ಟಿಯನ್ನು ಮನೆಯಲ್ಲಿಟ್ಟುಕೊಳ್ಳಿ.

ಮದುವೆಯಾಗಿ ಬಂದ ಹೆಣ್ಣುಮಗಳ ಒಡವೆಯನ್ನು "ಜೋಪಾನಕ್ಕೆ" ಎಂದು ಅತ್ತೆ ಬೀರುವಿನಲ್ಲಿಡುವುದು ನಮ್ಮಲ್ಲಿ ಸಾಮಾನ್ಯ. 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ತ್ರೀಧನ ಆಕೆಯದೇ ಆಸ್ತಿಯಾಗಿ ಉಳಿಯುತ್ತದೆ, ಅದನ್ನು ಇಟ್ಟುಕೊಂಡು ಆಕೆಗೆ ಮರಳಿಸದ ಪತಿ ಮತ್ತು ಅತ್ತೆ-ಮಾವಂದಿರು ಕ್ರಿಮಿನಲ್ ನಂಬಿಕೆ ದ್ರೋಹದ ಹೊಣೆಗೆ ಗುರಿಯಾಗುತ್ತಾರೆ ಎಂದು ಹೇಳಿದೆ. ಮದುವೆಯ ದಿನವೇ ಒಡವೆಗಳ ಪಟ್ಟಿ ಮಾಡಿ, ಬಿಲ್ಲುಗಳ ಪ್ರತಿಯೊಂದಿಗೆ ಮಗಳ ಕೈಗೆ ಕೊಡುವುದನ್ನು ತಂದೆತಾಯಿ ಮರೆಯಬಾರದು. ಅದು ಬೀಗರ ಮೇಲಿನ ಸಂಶಯವೆಂದು ಯಾರಾದರೂ ಬೇಸರಿಸಿದರೆ ಬೇಸರಿಸಲಿ.

ಮರಳಿ ಕೊಡದಿದ್ದರೆ

ಮೊದಲು ಬರಹದಲ್ಲಿ ಕೇಳಿ. ವಸ್ತುವಿನ ವಿವರ, ಕೊಟ್ಟ ದಿನ, ಉದ್ದೇಶ, ಮರಳಿಸಲು ಹದಿನೈದು ದಿನದ ಗಡುವು, ಇಷ್ಟನ್ನು ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಕೇಳಿದ್ದಕ್ಕೆ ದಾಖಲೆಯಿರುವುದು ಏಕೆ ಮುಖ್ಯವೆಂದರೆ, ಜೋಪಾನಕ್ಕೆ ಅಥವಾ ಗಿರವಿಗೆ ಇಟ್ಟ ವಸ್ತುವನ್ನು ಮರಳಿ ಪಡೆಯುವ ದಾವೆಗೆ 1963ರ ಕಾಲಮಿತಿ ಕಾಯ್ದೆಯ 70ನೆಯ ಅನುಚ್ಛೇದ ಕೊಟ್ಟಿರುವ ಮೂರು ವರ್ಷಗಳು, ನೀವು ಕೇಳಿ ಅವರು ನಿರಾಕರಿಸಿದ ದಿನದಿಂದ ಎಣಿಕೆಯಾಗುತ್ತವೆ. ಸಿವಿಲ್ ನ್ಯಾಯಾಲಯದಲ್ಲಿ ಬೆಲೆಯನ್ನಷ್ಟೇ ಕೇಳಬೇಕೆಂದಿಲ್ಲ. ಅಜ್ಜಿಯ ಕಾಲದ ಅಡ್ಡಿಕೆಯಂಥ, ಹಣದಿಂದ ತುಂಬಲಾಗದ ವಸ್ತುವಾದರೆ ಅದನ್ನೇ ಕೊಡಿಸುವಂತೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 7 ಮತ್ತು 8ನೆಯ ಸೆಕ್ಷನ್‌ಗಳಡಿ ಕೇಳಬಹುದು.

ಹಣ ಕೊಟ್ಟು ಪಡೆದ ಸೇವೆಯಾಗಿದ್ದರೆ, ಅಂದರೆ ಡ್ರೈ ಕ್ಲೀನಿಂಗ್, ಗ್ಯಾರೇಜ್, ಸಾಗಣೆ, ಲಾಕರ್ ಇಂಥವಾದರೆ, ಜಿಲ್ಲಾ ಗ್ರಾಹಕ ಆಯೋಗ ಹತ್ತಿರದ ದಾರಿ. ಎರಡು ವರ್ಷದೊಳಗೆ ದೂರು ಕೊಡಬೇಕು. ಸೇವೆಗೆ ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ನೆರೆಯವರು ಪುಕ್ಕಟೆಯಾಗಿ ಇಟ್ಟುಕೊಂಡ ವಸ್ತುವಿಗೆ ಈ ದಾರಿಯಿಲ್ಲ.

ಪೊಲೀಸ್ ಠಾಣೆಗೆ ಹೋಗುವುದು ಯಾವಾಗ? ಒಪ್ಪಿಸಿದ ವಸ್ತುವನ್ನು ಅಪ್ರಾಮಾಣಿಕವಾಗಿ ತಮ್ಮದಾಗಿಸಿಕೊಂಡರೆ, ಮಾರಿದರೆ, ಗಿರವಿ ಇಟ್ಟರೆ ಅದು ಭಾರತೀಯ ನ್ಯಾಯ ಸಂಹಿತೆಯ 316ನೆಯ ಸೆಕ್ಷನ್ ಅಡಿಯಲ್ಲಿ ಕ್ರಿಮಿನಲ್ ನಂಬಿಕೆ ದ್ರೋಹ. ಐದು ವರ್ಷದವರೆಗೆ ಸೆರೆವಾಸವಾಗಬಹುದು, ಸಂಬಳದ ನೌಕರರು ಎಸಗಿದರೆ ಏಳು ವರ್ಷದವರೆಗೆ. 2024ರ ಜುಲೈ 1ಕ್ಕಿಂತ ಹಿಂದೆ ನಡೆದ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯ 406, 408ನೆಯ ಸೆಕ್ಷನ್‌ಗಳೇ ಅನ್ವಯಿಸುತ್ತವೆ. ಆದರೆ ತಡವಾಗಿ ಮರಳಿಸಿದ್ದು, ಕೈತಪ್ಪಿ ಒಡೆದದ್ದು, ಮರೆತು ಎಲ್ಲೋ ಬಿಟ್ಟದ್ದು ಅಪರಾಧವಲ್ಲ. ಅಪ್ರಾಮಾಣಿಕ ಉದ್ದೇಶ ಕಾಣಬೇಕು. ಹೆದರಿಸಲೆಂದು ಕೊಟ್ಟ ದೂರು ವರ್ಷಗಟ್ಟಲೆ ಎಳೆದಾಡಿ, ಸಿವಿಲ್ ದಾವೆಯ ಕಾಲಮಿತಿಯೂ ಕಳೆದುಹೋದದ್ದನ್ನು ನಾನು ಕಂಡಿದ್ದೇನೆ. ಎರಡೂ ದಾರಿ ಬೇಕೆನಿಸಿದರೆ ಎರಡನ್ನೂ ಹೊತ್ತಿಗೆ ಸರಿಯಾಗಿ ಹಿಡಿಯಬೇಕು.

ವಸ್ತು ಮರಳಿ ಬಂದ ದಿನವೂ ಕೊಟ್ಟ ದಿನದಷ್ಟೇ ಎಚ್ಚರ ಬೇಕು. ಒಡವೆಯಾದರೆ ಅದೇ ತಕ್ಕಡಿಯಲ್ಲಿಟ್ಟು, ಗುಂಡು ಎಣಿಸಿ, ಹಳೆಯ ಚೀಟಿಯ ಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸ ಕಂಡರೆ ಅಲ್ಲೇ ಅದೇ ಚೀಟಿಯ ಮೇಲೆ ಇಬ್ಬರೂ ಬರೆದು ಸಹಿ ಮಾಡಿ, ಮನೆಗೆ ಹೋದ ಮೇಲೆ ಹೇಳಿದರೆ ಆಗದು. ಎಲ್ಲ ಸರಿಯಿದ್ದರೆ "ಸರಿಯಾಗಿ ಸಂದಿದೆ" ಎಂದು ಬರೆದು, ದಿನಾಂಕ ಹಾಕಿ, ಚೀಟಿಯನ್ನು ಅವರಿಗೆ ಮರಳಿಸಿ, ಫೋಟೊ ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಆ ಚೀಟಿ ಮುಂದೆ ಅವರ ರಕ್ಷಣೆಗೂ ಬೇಕಾಗುತ್ತದೆ.